ಕೈ ತೊಳೆಯೋದು ನಿಂತಿತು, ನಿದ್ದೆನೂ ನಿಂತಿತು: ಬೈಪೋಲಾರ್ ಜೊತೆ ಒಸಿಡಿ ಇದ್ದ ಒಂದು ಕೇಸ್

ಒಸಿಡಿ (ಬೇಡದ ಯೋಚನೆ ಪದೇ ಪದೇ ಬಂದು, ಅದನ್ನ ತಣಿಸೋಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡೋ ಕಾಯಿಲೆ) ಇರೋ ಒಬ್ರು ಮಾತ್ರೆ ಶುರು ಮಾಡಿದ ಕೆಲವೇ ವಾರದಲ್ಲಿ ಪೂರ್ತಿ ಸರಿ ಹೋದ್ರು ಅಂದ್ರೆ, ಖುಷಿ ಪಡೋಕೆ ಮುಂಚೆ ರಾತ್ರಿ ಎಷ್ಟು ಗಂಟೆ ಮಲಗ್ತಿದಾರೆ ಅಂತ ಕೇಳಬೇಕು. ಬೈಪೋಲಾರ್ ಅಂದ್ರೆ ಮೂಡ್ ಅತಿಯಾಗಿ ಏರೋ, ಆಮೇಲೆ ಕುಸಿಯೋ ಕಾಯಿಲೆ, ಏರುವಾಗ ನಿದ್ದೆ ಕಮ್ಮಿ ಆಗುತ್ತೆ. ಈ ಕೇಸ್ ಬರೀತಿರೋದು ಮುಖ್ಯವಾಗಿ ಆ ಒಂದು ಪ್ರಶ್ನೆಗೋಸ್ಕರ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಮಾತ್ರೆ ಬರೆಯೋದು ನನ್ನ ಕೆಲಸ ಅಲ್ಲ, ಅದನ್ನ ನಮ್ಮ ಟೀಮಿನ ಸೈಕಿಯಾಟ್ರಿಸ್ಟ್ ನೋಡ್ಕೊಂಡ್ರು, ನಾನು ಥೆರಪಿ ಮತ್ತು ಮನೆಯವರ ಜೊತೆಗಿನ ಕೆಲಸ ಮಾಡಿದೆ. ಹೆಸರು, ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವಳ ಒಪ್ಪಿಗೆನೂ ಇದೆ. ಇಲ್ಲಿ ಅವಳನ್ನ ಸುಮಾ ಅಂತ ಕರೀತೀನಿ.

ನಮ್ಮ ಹತ್ರ ಬಂದಾಗ ಸುಮಾಗೆ 27 ವರ್ಷ. ಬಯಲುಸೀಮೆಯ ಒಂದು ತಾಲೂಕು ಊರು, ಬಿಕಾಂ ಮುಗಿಸಿ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯೋ ಕೆಲಸ. ಮನೇಲಿ ಅಪ್ಪ, ಅಮ್ಮ, ತಮ್ಮ, ಜೊತೆಗೆ ಅಪ್ಪನ ತಾಯಿ. ಅಜ್ಜಿದು ಮಡಿ ಸ್ವಲ್ಪ ಜೋರು, ಮುಸುರೆ, ಎಂಜಲು, ಮೈಲಿಗೆ ಎಲ್ಲ ನೋಡ್ಕೊಂಡು ನಡೆಯೋ ಮನೆ, ಹಂಗಾಗಿ ಡಿಗ್ರಿ ಸೆಕೆಂಡ್ ಇಯರಲ್ಲಿ ಸುಮಾ ಪದೇ ಪದೇ ಕೈ ತೊಳೆಯೋಕೆ ಶುರು ಮಾಡಿದಾಗ ಯಾರಿಗೂ ಏನೂ ಅನ್ನಿಸ್ಲಿಲ್ಲ, ಮೊಮ್ಮಗಳಿಗೆ ಅಜ್ಜಿ ಗುಣ ಬಂದಿದೆ ಅಂತ ಹೆಮ್ಮೆನೇ ಪಟ್ರು. ಮಡಿಗೂ ಒಸಿಡಿಗೂ ಹೊರಗಿಂದ ನೋಡಿದ್ರೆ ವ್ಯತ್ಯಾಸ ಗೊತ್ತಾಗಲ್ಲ, ಎರಡರಲ್ಲೂ ನೀರು, ಎರಡರಲ್ಲೂ ಮುಟ್ಟಬೇಡ. ಆದ್ರೆ ಅಜ್ಜಿ ಮಡಿಗೆ ಒಂದು ಕೊನೆ ಇತ್ತು, ಸ್ನಾನ ಆಯ್ತು, ಅಡುಗೆ ಆಯ್ತು, ಊಟ ಆದ್ಮೇಲೆ ನೆಮ್ಮದಿಯಾಗಿ ಕೂತು ಸೀರಿಯಲ್ ನೋಡೋರು. ಸುಮಾಗೆ ಆ ಕೊನೆ ಸಿಗ್ತಾನೇ ಇರ್ಲಿಲ್ಲ. ತೊಳೆದ ಕೈಯಲ್ಲಿ ನಲ್ಲಿ ಮುಟ್ಟಿದ್ನಲ್ಲ, ಆ ನಲ್ಲಿನ ಮೊದ್ಲು ಕೊಳಕು ಕೈಯಲ್ಲೇ ತಾನೇ ತಿರುಗಿಸಿದ್ದು, ಸರಿ ಮತ್ತೆ ತೊಳಿ. ಎರಡು ದಿನಕ್ಕೊಂದು ಸೋಪು ಖಾಲಿ ಆಗೋದು, ಬೆರಳ ಸಂದಿ ಬಿರಿದು ರಕ್ತ ಬರೋದು, ಅದಕ್ಕೆ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಎಣ್ಣೆ ಕೈ ಆಯ್ತು ಅಂತ ಮತ್ತೆ ಬಚ್ಚಲಿಗೆ ಹೋಗೋದು.

ಕಣ್ಣಿಗೆ ಕಾಣದ್ದು ಇನ್ನೂ ಇತ್ತು. ದೇವರ ಮುಂದೆ ನಿಂತ್ರೆ ಕೆಟ್ಟ ಕೆಟ್ಟ ಯೋಚನೆ, ಬಾಯಲ್ಲಿ ಹೇಳೋಕಾಗದ ಬೈಗುಳ, ತಾನಾಗೇ ಬರೋದು. ಅದಕ್ಕೆ ತಪ್ಪಾಯ್ತು ತಪ್ಪಾಯ್ತು ಅಂತ ಗಲ್ಲ ಗಲ್ಲ ಬಡ್ಕೊಳ್ಳೋದು, ಸರಿಯಾದ ಸಂಖ್ಯೆಗೆ ನಿಲ್ಲದಿದ್ರೆ ಮೊದಲಿಂದ ಶುರು. ಇದನ್ನ ಅವಳು ವರ್ಷಗಟ್ಲೆ ಯಾರಿಗೂ ಹೇಳಿರ್ಲಿಲ್ಲ. ಆಫೀಸಲ್ಲಿ ಲೆಕ್ಕದ ಪುಸ್ತಕ ಕೂಡಿ ಕೂಡಿ ನೋಡೋದು, ಸಂಜೆ ಎಲ್ಲರೂ ಹೋದ್ಮೇಲೂ ಒಬ್ಳೇ ಕೂತಿರೋಳು, ಅಲ್ಲಿ ಅವಳಿಗೆ ಬಹಳ ಶ್ರದ್ಧೆ ಇರೋ ಹುಡುಗಿ ಅಂತ ಹೆಸರು.

24ನೇ ವಯಸ್ಸಲ್ಲಿ ಸ್ನಾನಕ್ಕೆ ಹೋದ್ರೆ ಎರಡೂವರೆ ಗಂಟೆ ಆಗೋಕೆ ಶುರುವಾದಾಗ ಅಪ್ಪ ಹತ್ತಿರದ ಸಿಟಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ರು. ಒಸಿಡಿ ಅಂತ ಸರಿಯಾಗೇ ಗುರುತಿಸಿದ್ರು, ಫ್ಲುಆಕ್ಸೆಟಿನ್ 20 ಮಿಲಿಗ್ರಾಂ ಶುರು ಮಾಡಿ 60ರ ತನಕ ಏರಿಸಿದ್ರು. ಒಸಿಡಿಗೆ ಇದು ಸರಿಯಾದ ದಾರಿನೇ, ಖಿನ್ನತೆಗೆ ಕೊಡೋದಕ್ಕಿಂತ ಜಾಸ್ತಿ ಡೋಸ್ ಬೇಕಾಗುತ್ತೆ, ಎಂಟರಿಂದ ಹನ್ನೆರಡು ವಾರ ಕಾಯಬೇಕಾಗುತ್ತೆ, ಆಮೇಲೂ ಸಾಮಾನ್ಯವಾಗಿ ನಿಧಾನಕ್ಕೆ, ಸ್ವಲ್ಪ ಸ್ವಲ್ಪವಾಗಿ ಕಮ್ಮಿ ಆಗುತ್ತೆ. ಸುಮಾಗೆ ಹಂಗಾಗ್ಲಿಲ್ಲ. ಆರನೇ ವಾರಕ್ಕೆ ಒಂದೇ ಸಲಕ್ಕೆ ಎಲ್ಲ ನಿಂತೋಯ್ತು. ಸ್ನಾನ ಹತ್ತು ನಿಮಿಷ, ಕೈ ತೊಳೆಯೋ ಗೊಡವೆನೇ ಇಲ್ಲ, ಅಡುಗೆ ಮನೆಗೆ ನುಗ್ಗಿ ತಾನೇ ಒಬ್ಬಟ್ಟು ಮಾಡಿದ್ಲು. ಮನೆಯವರು ಹರಕೆ ತೀರಿಸಿ ಬಂದ್ರು.

ಆ ದಿನಗಳನ್ನ ಅಮ್ಮ ನನಗೆ ಹೇಳುವಾಗ ಮೊದಲ ಸಲ ಬರೀ ಒಳ್ಳೇದಷ್ಟೇ ಹೇಳಿದ್ರು. ನಿದ್ದೆ ಹೆಂಗಿತ್ತು ಅಂತ ಬಿಡಿಸಿ ಕೇಳಿದ್ಮೇಲೆ ಬಂತು: ರಾತ್ರಿ ಹನ್ನೆರಡಾದ್ರೂ ಮಾತು ಮುಗೀತಿರ್ಲಿಲ್ಲ, ಮೂರು ಗಂಟೆಗೆ ಎದ್ದು ಬೀದಿ ಉದ್ದಕ್ಕೂ ರಂಗೋಲಿ ಹಾಕ್ತಿದ್ಲು, ಸುಸ್ತು ಅನ್ನೋದೇ ಇಲ್ಲ. ಸೀರೆ ಬಿಸಿನೆಸ್ ಮಾಡ್ತೀನಿ ಅಂತ ಮೊಬೈಲ್ ಆಪಲ್ಲಿ ಸಾಲ ತಗೊಂಡು ಎಂಬತ್ತು ಸಾವಿರದ ಸೀರೆ ತರಿಸಿದ್ಲು, ಮ್ಯಾನೇಜರ್ ಜೊತೆ ಜಗಳ ಆಡಿ ಕೆಲಸ ಬಿಟ್ಲು. ಇಷ್ಟು ವರ್ಷ ಮುದುಡಿಕೊಂಡಿದ್ದ ಹುಡುಗಿ ಈಗ ಅರಳಿದಾಳೆ ಅಂತ ಮನೆಯವರು ಅಂದ್ಕೊಂಡಿದ್ದು, ಅವರ ಜಾಗದಲ್ಲಿ ನಿಂತ್ರೆ ಯಾರಿಗಾದ್ರೂ ಹಂಗೇ ಅನ್ನಿಸುತ್ತೆ. ಡಾಕ್ಟರ ಹತ್ರ ಫಾಲೋಅಪ್‌ಗೆ ಹೋದಾಗ ಕೈ ತೊಳೆಯೋದು ನಿಂತಿದೆ ಅಂತ ಹೇಳಿದ್ರು, ಅಲ್ಲಿ ಬೇರೆ ಏನೂ ಚರ್ಚೆ ಆಗಿಲ್ಲ. ನಾನು ಸರಿಯಾದೆ ಅಂತ ಸುಮಾ ಮಾತ್ರೆ ಬಿಟ್ಲು.

ಎರಡು ಮೂರು ವಾರಕ್ಕೆ ಆ ಉತ್ಸಾಹ ಇಳೀತು, ಇಳಿದು ನೆಲಕ್ಕೆ ನಿಲ್ಲಲಿಲ್ಲ, ಇನ್ನೂ ಕೆಳಗೆ ಹೋಯ್ತು. ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ, ಊಟ ಬೇಡ, ಸಾಲದವರ ಫೋನು, ಒಸಿಡಿ ಮೊದಲಿಗಿಂತ ಜೋರಾಗಿ ವಾಪಸ್. ಸಾಯಬೇಕು ಅನ್ನಿಸ್ತಿದೆ ಅಂತ ತಮ್ಮನ ಹತ್ರ ಒಂದಿನ ಬಾಯಿ ಬಿಟ್ಟು ಹೇಳಿದ್ಲು, ಅವನು ಅದನ್ನ ಮುಚ್ಚಿಡದೆ ಅಪ್ಪನಿಗೆ ಹೇಳಿದ್ದು ಆ ಹುಡುಗ ಮಾಡಿದ ದೊಡ್ಡ ಕೆಲಸ. ಇಂಥ ಮಾತು ಮನೇಲಿ ಯಾರ ಬಾಯಲ್ಲಿ ಬಂದ್ರೂ ಕಾಯಬಾರ್ದು, ಒಬ್ಬರನ್ನೇ ಬಿಡಬಾರ್ದು, ರಾತ್ರಿ ಹೊತ್ತಾದ್ರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಬಹುದು, ಅದು ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ತೋರಿಸಿದ್ರು, ಬೇರೆ ಕಡೆ. ಹಳೇ ಮಾತ್ರೆ ಕೆಲಸ ಮಾಡಿಲ್ಲ ಅನ್ನೋ ಲೆಕ್ಕದಲ್ಲಿ ಕ್ಲೋಮಿಪ್ರಮಿನ್ ಶುರುವಾಯ್ತು. ಒಸಿಡಿಗೆ ಅದು ಬಹಳ ಹಳೇ, ಶಕ್ತಿ ಇರೋ ಔಷಧಿ, ಆದ್ರೆ ಬೈಪೋಲಾರ್ ಇರೋರನ್ನ ಮೇನಿಯಾಗೆ, ಅಂದ್ರೆ ಮೂಡ್ ಹದ್ದು ಮೀರಿ ಏರೋ ಸ್ಥಿತಿಗೆ, ತಳ್ಳೋ ಅಪಾಯ ಅದರಲ್ಲಿ ಜಾಸ್ತಿ. ಈ ಸಲ ಬಂದಿದ್ದು ಪೂರ್ತಿ ಮೇನಿಯಾ. ಐದು ದಿನ ಸರಿಯಾಗಿ ಕಣ್ಣು ಮುಚ್ಚಿಲ್ಲ, ಮುಟ್ಟಿದ್ರೆ ಸಿಟ್ಟು, ದೇವಿ ನನ್ನ ಕೈಗೆ ಶಕ್ತಿ ಕೊಟ್ಟಿದಾಳೆ ಅಂತ ಪಕ್ಕದ ಮನೆ ಮಗುಗೆ ಕೊಡ್ತಿದ್ದ ಔಷಧಿ ಕಿತ್ತು ಬಿಸಾಕಿದ್ಲು. ಮೈಮೇಲೆ ಬಂದಿದೆ ಅಂತ ಒಂದು ವಾರ ಅಲ್ಲಿ ಇಲ್ಲಿ ಓಡಾಡಿಸಿ, ಕೊನೆಗೆ ಅಡ್ಮಿಟ್ ಮಾಡೋಕೆ ನಮ್ಮ ಹತ್ರ ಕರ್ಕೊಂಡು ಬಂದ್ರು.

ಇಲ್ಲಿ ಮೊದಲ ದೊಡ್ಡ ಪ್ರಶ್ನೆ ಬಂತು, ಇದು ಬರೀ ಮಾತ್ರೆ ತಂದ ಮೇನಿಯಾನಾ, ಇಲ್ಲ ಒಳಗೇ ಬೈಪೋಲಾರ್ ಇತ್ತಾ? ಇದು ಶೈಕ್ಷಣಿಕ ಪ್ರಶ್ನೆ ಅಲ್ಲ, ಉತ್ತರದ ಮೇಲೆ ಮುಂದಿನ ಎಷ್ಟೋ ವರ್ಷದ ಚಿಕಿತ್ಸೆ ನಿಂತಿರುತ್ತೆ. ಮನೆಯವರನ್ನ ಕೂರಿಸ್ಕೊಂಡು ಒಂದು ದೊಡ್ಡ ಹಾಳೆ ಮೇಲೆ ಗೆರೆ ಎಳೆದ್ವಿ, ಗೆರೆ ಮೇಲೆ ಉತ್ಸಾಹದ ದಿನಗಳು, ಕೆಳಗೆ ಮಂಕು ದಿನಗಳು, ಇನ್ನೊಂದು ಬಣ್ಣದಲ್ಲಿ ತೊಳೆಯೋದು ಎಷ್ಟಿತ್ತು ಅಂತ. ತಾರೀಖು ಕೇಳಿದ್ರೆ ಯಾರಿಗೂ ನೆನಪಿರಲ್ಲ, ಹಬ್ಬ ಕೇಳಿದ್ರೆ ಎಲ್ಲ ನೆನಪಿರುತ್ತೆ, ಗೌರಿ ಹಬ್ಬಕ್ಕೆ ಹೆಂಗಿದ್ಲು, ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗಿದ್ಲಾ, ಹಿಂಗೆ. ಅಜ್ಜಿ ಆಗ ಹೇಳಿದ್ರು, ಸುಮಾ 21ರಲ್ಲಿದ್ದಾಗ ನವರಾತ್ರಿಗೆ ಗೊಂಬೆ ಕೂರಿಸೋ ಕೆಲಸ ಪೂರ್ತಿ ಒಬ್ಳೇ ಮಾಡಿದ್ಲು, ರಾತ್ರಿ ಎಲ್ಲ ಎದ್ದಿದ್ದು ಪಟ್ಟದ ಗೊಂಬೆಗೆ ಜರಿ ಹೊಲಿದ್ಲು, ಬಂದೋರಿಗೆಲ್ಲ ಹಾಡು ಹೇಳಿದ್ಲು, ಹತ್ತು ದಿನ ಮಡಿ ಗಿಡಿ ಏನೂ ಇಲ್ಲ, ಕೈಯಲ್ಲಿ ಅಂಟು ಮೆತ್ಕೊಂಡೇ ಊಟಕ್ಕೆ ಕೂರ್ತಿದ್ಲು. ದೀಪಾವಳಿ ಹೊತ್ತಿಗೆ ಮಲಗಿದವಳು ಎದ್ದಿಲ್ಲ, ಆ ಸೆಮಿಸ್ಟರ್ ಪರೀಕ್ಷೆನೇ ಬರೀಲಿಲ್ಲ. ಆಗ ಅವಳು ಯಾವ ಮಾತ್ರೆನೂ ತಗೋತಿರ್ಲಿಲ್ಲ.

ಇಡೀ ಕೇಸ್ ತಿರುಗಿದ್ದು ಅಜ್ಜಿಯ ಆ ಮಾತಲ್ಲಿ. ಹೈಪೋಮೇನಿಯಾ (ಮೇನಿಯಾಗಿಂತ ಹಗುರವಾದ ಏರಿಕೆ) ಅನ್ನೋಕೆ ಕನಿಷ್ಠ ನಾಲ್ಕು ದಿನ, ಮೇನಿಯಾ ಅನ್ನೋಕೆ ಒಂದು ವಾರ ಅಥವಾ ಅಡ್ಮಿಟ್ ಮಾಡೋಷ್ಟು ತೀವ್ರತೆ ಇರಬೇಕು, ಇಲ್ಲಿ ಎರಡೂ ಇತ್ತು. ಆಮೇಲೆ ಅಪ್ಪನ ತಮ್ಮನ ವಿಷ್ಯ ಹೊರಗೆ ಬಂತು, ಆ ಚಿಕ್ಕಪ್ಪ ಒಂದು ಸಲ ಒಂದೇ ವಾರದಲ್ಲಿ ಎರಡೆಕರೆ ಜಮೀನು ಅಗ್ಗಕ್ಕೆ ಮಾರಿ ಊರಿಗೆಲ್ಲ ಊಟ ಹಾಕ್ಸಿದ್ರಂತೆ, ಆಮೇಲೆ ತಿಂಗಳುಗಟ್ಲೆ ಕೋಣೆ ಬಿಟ್ಟು ಬರ್ಲಿಲ್ವಂತೆ. ಮನೇಲಿ ಅದಕ್ಕೆ ಗ್ರಹಚಾರ ಅಂತಾರೆ ಹೊರತು ಕಾಯಿಲೆ ಅಂತ ಯಾರೂ ಅಂದಿಲ್ಲ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದೆಯಾ ಅಂತ ಕೇಳಿದ್ರೆ ಇಲ್ಲ ಅನ್ನೋ ಉತ್ತರನೇ ಬರೋದು, ಯಾರಾದ್ರೂ ಇದ್ದಕ್ಕಿದ್ದಂಗೆ ದುಡ್ಡು ಕಳ್ದಿದ್ರಾ, ಮನೆ ಬಿಟ್ಟು ಹೋಗಿದ್ರಾ, ತಿಂಗಳುಗಟ್ಲೆ ಮಲಗಿದ್ರಾ ಅಂತ ಕೇಳಬೇಕು.

ಹಾಳೆ ಮೇಲೆ ಇನ್ನೊಂದು ವಿಷ್ಯನೂ ಕಾಣ್ತು. ಮನಸ್ಸು ಏರಿದಾಗೆಲ್ಲ ಒಸಿಡಿ ಮಾಯ, ಕುಸಿದಾಗ ದುಪ್ಪಟ್ಟು. ಬೈಪೋಲಾರ್ ಇರೋರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಕೆಲವು ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ ಜನಕ್ಕೆ ಒಸಿಡಿ ಇರುತ್ತೆ, ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಎರಡು ಮೂರು, ಮತ್ತೆ ಈ ಏರಿಳಿತ ಇಂಥವರಲ್ಲಿ ಆಗಾಗ ನೋಡೋ ವಿಷ್ಯನೇ. ಕೆಲವರಿಗೆ ಒಸಿಡಿ ಬರೋದೇ ಖಿನ್ನತೆಯಲ್ಲಿ, ಮೂಡ್ ಸರಿ ಮಾಡಿದ್ರೆ ಅದೂ ಹೋಗುತ್ತೆ. ಸುಮಾ ವಿಷ್ಯದಲ್ಲಿ ಮಧ್ಯದ ಸಮ ದಿನಗಳಲ್ಲೂ ಅದು ಇತ್ತು, ಕಮ್ಮಿ ಇದ್ರೂ ಇತ್ತು. ಹಂಗಾಗಿ ಎರಡೂ ಕಾಯಿಲೆ ಇದೆ, ಎರಡಕ್ಕೂ ಚಿಕಿತ್ಸೆ ಬೇಕು, ಆದ್ರೆ ಮೂಡ್ ಮೊದಲು ಅಂತ ನಿರ್ಧಾರ ಆಯ್ತು.

ಕ್ಲೋಮಿಪ್ರಮಿನ್ ನಿಲ್ಲಿಸಿದ್ರು. ಮೂಡ್ ಸಮ ಇಡೋ ಔಷಧಿಗಳಲ್ಲಿ ವಾಲ್ಪ್ರೋಯೇಟ್ ಬೇಡ ಅಂತ ಮೊದಲೇ ಬಿಟ್ರು, ಮದುವೆ ವಯಸ್ಸಿನ ಹೆಣ್ಣುಮಗಳು, ಗರ್ಭದಲ್ಲಿರೋ ಮಗುಗೆ ಆ ಔಷಧಿಯಿಂದ ಆಗೋ ತೊಂದ್ರೆ ಚಿಕ್ಕದಲ್ಲ. ಓಲಾಂಜಪಿನ್, ರಿಸ್ಪೆರಿಡಾನ್ ಥರದವು ಮೇನಿಯಾ ಬೇಗ ಇಳಿಸ್ತವೆ, ಆದ್ರೆ ಕೆಲವರಲ್ಲಿ ಒಸಿಡಿ ಲಕ್ಷಣ ಕೆರಳಿಸ್ತವೆ, ಇವಳಿಗೆ ಅದು ಬೇಡ ಅನ್ನಿಸ್ತು. ಲಿಥಿಯಂ ಆರಿಸಿದ್ರು, ಜೊತೆಗೆ ರಾತ್ರಿಗೆ ಕ್ವಿಟಿಯಾಪಿನ್. ಲಿಥಿಯಂ ಅಂದ ತಕ್ಷಣ ಅಪ್ಪ ಹೆದರಿದ್ರು, ಯಾರೋ ಕಿಡ್ನಿ ಹೋಗುತ್ತೆ ಅಂದಿದ್ರು. 1949ರಿಂದ ಬಳಕೆಯಲ್ಲಿರೋ ಔಷಧಿ ಅದು, ಆತ್ಮಹತ್ಯೆ ಅಪಾಯ ಕಮ್ಮಿ ಮಾಡೋದ್ರಲ್ಲಿ ಅದರಷ್ಟು ಭರವಸೆ ಇರೋದು ಬೇರೆ ಸಿಗೋದು ಕಷ್ಟ, ಕಿಡ್ನಿ ಮತ್ತು ಥೈರಾಯ್ಡ್ ಆರು ತಿಂಗಳಿಗೊಮ್ಮೆ ನೋಡ್ತಾ ಇದ್ರೆ ತೊಂದ್ರೆ ಮೊದಲೇ ಗೊತ್ತಾಗುತ್ತೆ, ಇಷ್ಟನ್ನ ಸೈಕಿಯಾಟ್ರಿಸ್ಟ್ ಕೂತು ಬಿಡಿಸಿ ಹೇಳಿದ್ರು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅನ್ನೋ ಲೆವೆಲ್ ನೋಡೋಕೆ ಕೊನೆ ಮಾತ್ರೆ ತಗೊಂಡು ಹನ್ನೆರಡು ಗಂಟೆ ಆದ್ಮೇಲೆ ರಕ್ತ ಕೊಡಬೇಕು, ಮೊದಲ ಸಲ 0.5 ಬಂತು, 900 ಮಿಲಿಗ್ರಾಂಗೆ ಏರಿಸಿದ್ಮೇಲೆ 0.8ಕ್ಕೆ ನಿಂತಿತು. ನೀರು ಚೆನ್ನಾಗಿ ಕುಡಿಯೋದು, ಉಪ್ಪು ಇದ್ದಕ್ಕಿದ್ದಂಗೆ ಬಿಡದೇ ಇರೋದು, ನಿರ್ಜಲ ಉಪವಾಸ ಮಾಡದೇ ಇರೋದು, ಮೆಡಿಕಲ್ ಶಾಪಲ್ಲಿ ಕೇಳಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗದೇ ಇರೋದು, ವಾಂತಿ ಭೇದಿ, ಜೋರು ನಡುಕ, ತೂರಾಟ, ಮಾತು ತೊದಲೋದು ಕಂಡ್ರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬರೋದು, ಇದನ್ನೆಲ್ಲ ತಮ್ಮ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ.

ಮೂರು ವಾರಕ್ಕೆ ಮೇನಿಯಾ ಇಳೀತು. ನಿದ್ದೆ ಏಳು ಗಂಟೆಗೆ ಬಂತು. ಆಮೇಲೆ ಬಂದಿದ್ದು ಈ ಕೇಸಿನ ಅತಿ ಕಷ್ಟದ ದಿನಗಳು, ಮೂಡ್ ಸಮ ಆಗ್ತಿದ್ದಂಗೆ ತೊಳೆಯೋದು ವಾಪಸ್ ಬಂತು. ಒಸಿಡಿ ತೀವ್ರತೆ ಅಳೆಯೋ ವೈಬಾಕ್ಸ್ ಅಂತ ಒಂದು ಅಳತೆ ಇದೆ, 40ಕ್ಕೆ ಅಂಕ, 24 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತೀವ್ರ ಅಂತ. ಸುಮಾದು 26. ಮನೆಯವರು ಕಂಗಾಲಾದ್ರು, ನಿಮ್ಮ ಮಾತ್ರೆಯಿಂದಾನೇ ಬಂತು, ಕೈ ತೊಳೆಯೋದು ನಿಲ್ಲಿಸಿದ್ದ ಆ ಹಳೇ ಮಾತ್ರೆನೇ ಕೊಡಿ ಅಂತ ಅಪ್ಪ ಪಟ್ಟು ಹಿಡಿದ್ರು. ಸುಮಾ ಕೂಡ, ನನಗೆ ಆ ಮೂರು ವಾರ ವಾಪಸ್ ಬೇಕು, ನನ್ನ ಜೀವನದಲ್ಲಿ ತಲೆ ಖಾಲಿ ಇದ್ದಿದ್ದು ಆಗ ಮಾತ್ರ ಅಂದ್ಲು. ಅದು ಸುಳ್ಳೇನಲ್ಲ. ಅವಳ ಪಾಲಿಗೆ ಕಾಯಿಲೆ ಅನ್ನಿಸಿದ್ದು ಒಸಿಡಿ, ವಾಸಿ ಅನ್ನಿಸಿದ್ದು ಮೇನಿಯಾ, ಅದನ್ನ ತೆಗೆದುಹಾಕಿದವರು ನಾವು. ಇದನ್ನ ಒಪ್ಕೊಳ್ದೆ ಮಾತಾಡಿದ್ರೆ ಅವಳು ಮಾತ್ರೆ ಬಿಡ್ತಿದ್ಲು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಆ ಹಾಳೆನ ಮತ್ತೆ ತೆಗೆದು ಅವಳ ಮುಂದೆ ಇಟ್ವಿ, ಪ್ರತಿ ಏರಿಕೆ ಆದ್ಮೇಲೆ ಎಷ್ಟು ತಿಂಗಳು ಕೆಳಗಿದ್ಲು ಅಂತ ಅವಳೇ ಬೆರಳಿಟ್ಟು ಎಣಿಸಿದ್ಲು. ಆಮೇಲೆ, ಸರಿ, ಎಷ್ಟು ದಿನ ಕಾಯಬೇಕು ಹೇಳಿ ಅಂದ್ಲು.

ಎಸ್‌ಎಸ್‌ಆರ್‌ಐ, ಅಂದ್ರೆ ಫ್ಲುಆಕ್ಸೆಟಿನ್ ಥರದ ಮಾತ್ರೆ, ವಾಪಸ್ ಶುರು ಮಾಡಲಿಲ್ಲ. ಬದಲಿಗೆ ಇಆರ್‌ಪಿ, ಅಂದ್ರೆ ಭಯ ಹುಟ್ಟಿಸೋದನ್ನ ಬೇಕಂತಲೇ ಎದುರಿಸಿ, ಆಮೇಲೆ ಮಾಡೋ ಶಾಸ್ತ್ರವನ್ನ ತಡೆಯೋ ಅಭ್ಯಾಸ, ಅದನ್ನ ಶುರು ಮಾಡಿದ್ವಿ. ಕ್ವಿಟಿಯಾಪಿನ್‌ನಿಂದ ಬೆಳಗ್ಗೆ ಹತ್ತರ ತನಕ ಮಂಪರು, ಅಭ್ಯಾಸ ಮಾಡೋಕೆ ಆಗ್ತಿರ್ಲಿಲ್ಲ, ಅದನ್ನ ನಿಧಾನಕ್ಕೆ ಇಳಿಸಿ ಆರಿಪಿಪ್ರಜೋಲ್ ತಂದ್ರು, ಮೇನಿಯಾಗೂ ಆಗುತ್ತೆ, ಒಸಿಡಿಗೂ ಒಂಚೂರು ಸಹಾಯ ಆಗುತ್ತೆ ಅಂತ. 10 ಮಿಲಿಗ್ರಾಂಗೆ ಸುಮಾ ಕೂತಲ್ಲಿ ಕೂರದೆ ಓಡಾಡೋಕೆ ಶುರು ಮಾಡಿದ್ಲು, ಮತ್ತೆ ಮೇನಿಯಾ ಬಂತು ಅಂತ ಮನೆಯಿಂದ ಗಾಬರಿ ಫೋನು. ನಿದ್ದೆ ಸರಿ ಇತ್ತು, ಮಾತು ಸರಿ ಇತ್ತು, ಕಾಲು ಮಾತ್ರ ಸುಮ್ನಿರ್ತಿಲ್ಲ. ಅದು ಔಷಧಿಯ ಅಡ್ಡ ಪರಿಣಾಮ, ಡೋಸ್ ಅರ್ಧ ಮಾಡಿದ್ರೆ ಹೋಯ್ತು.

ಇಆರ್‌ಪಿಲಿ ನಾವು ಮಡಿ ಸರಿನಾ ತಪ್ಪಾ ಅನ್ನೋ ವಾದಕ್ಕೆ ಹೋಗ್ಲೇ ಇಲ್ಲ. ಅಜ್ಜಿನ ಕೂರಿಸ್ಕೊಂಡು, ನಿಮ್ಮ ಲೆಕ್ಕದಲ್ಲಿ ಎಷ್ಟು ತೊಳೆದ್ರೆ ಸಾಕು ಅಂತ ಕೇಳಿದೆ. ಒಂದ್ಸಲ ತೊಳೆದ್ರೆ ಆಯ್ತು, ನೀರೇನು ಪುಕ್ಕಟೆ ಬರುತ್ತಾ ಅಂದ್ರು. ಅದೇ ಮನೆಯ ನಿಯಮ ಆಯ್ತು, ಅಜ್ಜಿಗೆ ಸಾಕಾಗಿದ್ದು ಸುಮಾಗೂ ಸಾಕು. ಮೊದಲ ಹೆಜ್ಜೆ ಹಾಲಿನ ಪ್ಯಾಕೆಟ್. ಬೆಳಗ್ಗೆ ಗೇಟ್ ಹತ್ರ ನೆಲದ ಮೇಲೆ ಬಿದ್ದಿರೋ ಪ್ಯಾಕೆಟ್ ಎತ್ತಿ ತಂದು, ತೊಳೀದೆ, ಒರೆಸದೆ, ಅಡುಗೆ ಕಟ್ಟೆ ಮೇಲೆ ಇಟ್ಟು, ಕತ್ತರಿಸಿ ಪಾತ್ರೆಗೆ ಸುರಿಯೋದು, ಆಮೇಲೆ ಕೈನೂ ತೊಳೀಬಾರ್ದು. ಮೊದಲ ದಿನ ಪ್ಯಾಕೆಟ್ ಹಿಡ್ಕೊಂಡು ಹಾಲ್‌ನಲ್ಲೇ ನಿಂತುಬಿಟ್ಲಂತೆ, ನೆಲಕ್ಕೆಲ್ಲ ನೀರು ತೊಟ್ಟಿಕ್ತಾ, ಅಮ್ಮ ಕಿತ್ಕೊಳ್ಳೋಕೆ ಹೋಗದೆ ಸುಮ್ನೆ ಪಕ್ಕದಲ್ಲಿ ನಿಂತಿದ್ರು. ಅಮ್ಮ ಸುಮ್ನೆ ನಿಲ್ಲೋದು ಕಲ್ತಿದ್ದು ಚಿಕಿತ್ಸೆಯ ಅರ್ಧ ಭಾಗ ಅಂತ ನಾನು ಹೇಳ್ತೀನಿ. ಅಲ್ಲಿ ತನಕ ಬಕೆಟ್ ತೊಳೆದು ಕೊಡೋದು, ಏನೂ ಆಗಿಲ್ಲ ಕಣೇ ಅಂತ ದಿನಕ್ಕೆ ನೂರು ಸಲ ಸಮಾಧಾನ ಹೇಳೋದು ಎಲ್ಲ ಅವರೇ ಮಾಡ್ತಿದ್ರು, ಪ್ರೀತಿಯಿಂದಾನೇ, ಅದು ಒಸಿಡಿಗೆ ಊಟ ಹಾಕಿದಂಗೆ ಆಗ್ತಿತ್ತು. ದೇವರ ಮುಂದಿನ ಯೋಚನೆಗಳು ಇನ್ನೂ ಕಷ್ಟ. ಯೋಚನೆ ಬಂದ್ರೆ ಬರ್ಲಿ, ಓಡಿಸಬೇಡ, ಗಲ್ಲ ಬಡ್ಕೋಬೇಡ, ಮಂಗಳಾರತಿ ಮುಗಿಯೋ ತನಕ ನಿಂತಿರು, ಅಷ್ಟೇ ಕೆಲಸ. ಮೊದಮೊದಲು ಅಳ್ತಾ ನಿಲ್ತಿದ್ಲು. ನಾಲ್ಕು ತಿಂಗಳಿಗೆ ವೈಬಾಕ್ಸ್ 16ಕ್ಕೆ ಬಂತು, ನಿಧಾನಕ್ಕೆ, ಮಧ್ಯೆ ಮಧ್ಯೆ ಏರಿ ಇಳಿದು, ನಿದ್ದೆ ಸರಿ ಇದ್ದು ಇಳಿದ ಅಂಕ ಅದು.

ನಿದ್ದೆ ಲೆಕ್ಕಕ್ಕೆ ಆಪ್ ಗೀಪ್ ಏನೂ ಬೇಕಾಗ್ಲಿಲ್ಲ. ಗೋಡೆ ಕ್ಯಾಲೆಂಡರಲ್ಲಿ ಅಮ್ಮ ಹಾಲಿನ ಲೆಕ್ಕ ಬರೀತಿದ್ರು, ಅದೇ ಚೌಕದ ಮೂಲೆಯಲ್ಲಿ ಸುಮಾ ಎಷ್ಟು ಗಂಟೆ ಮಲಗಿದ್ಲು ಅಂತ ಕೆಂಪು ಪೆನ್ನಲ್ಲಿ ಬರೆಯೋಕೆ ಹೇಳಿದ್ವಿ. ಎರಡು ರಾತ್ರಿ ಸತತ ಐದಕ್ಕಿಂತ ಕಮ್ಮಿ ಆದ್ರೆ ಫೋನ್ ಮಾಡೋದು ಅನ್ನೋ ಒಪ್ಪಂದ. ಬೇಸಿಗೇಲಿ ಸೋದರತ್ತೆ ಮಗಳ ಮದುವೆ ಬಂತು, ಮೂರು ರಾತ್ರಿ ಜಾಗರಣೆ, ಕೈ ನಡುಗೋದು ನೆಂಟರಿಗೆ ಕಾಣುತ್ತೆ ಅಂತ ಸುಮಾ ಲಿಥಿಯಂ ಬೇರೆ ತಪ್ಪಿಸಿದ್ಲು. ವಾಪಸ್ ಬಂದ್ಮೇಲೂ 4, ಮತ್ತೆ 4, ಕೈ ತೊಳೆಯೋದು ಪೂರ್ತಿ ನಿಂತಿತ್ತು, ಮಾತು ಜಾಸ್ತಿ. ಹಿಂದಿನ ಸಲ ಇದೇ ಲಕ್ಷಣಕ್ಕೆ ಹರಕೆ ತೀರಿಸಿದ್ದ ಅಮ್ಮ ಈ ಸಲ ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿದ್ರು. ಲೆವೆಲ್ ನೋಡಿದ್ರೆ 0.4. ಮಾತ್ರೆ ಸರಿಪಡಿಸಿ, ಒಂದು ವಾರ ರಾತ್ರಿಗೆ ನಿದ್ದೆಗೆ ಸಹಾಯ ಕೊಟ್ಟು, ಇಆರ್‌ಪಿ ಅಭ್ಯಾಸ ಅಷ್ಟು ದಿನ ನಿಲ್ಲಿಸಿ, ಅಡ್ಮಿಷನ್ ಇಲ್ಲದೆ ಅಲ್ಲೇ ತಡೆದ್ವಿ. ಸರ್ಕಾರದ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಸೈಕಿಯಾಟ್ರಿಸ್ಟ್ ಬರ್ತಾರಲ್ಲ, ಮಾಮೂಲಿ ಫಾಲೋಅಪ್ ಆಮೇಲೆ ಅಲ್ಲಿಗೇ ವರ್ಗಾಯಿಸಿದ್ವಿ, ಪ್ರತಿ ಸಲ ದಿನಗೂಲಿ ಬಿಟ್ಟು ದೂರ ಬರಬೇಕು ಅಂದ್ರೆ ಆ ಅಪ್ಪ ಎಷ್ಟು ದಿನ ಅಂತ ಬರ್ತಾರೆ.

ಒಂದು ವರ್ಷ ಕಳೆದ್ಮೇಲೆ ವೈಬಾಕ್ಸ್ 12ರಲ್ಲಿ ನಿಂತಿತು. ತೊಳೆಯೋದು ಬಹಳ ಕಮ್ಮಿ, ಲೆಕ್ಕ ಮತ್ತೆ ಮತ್ತೆ ನೋಡೋದು ಇನ್ನೂ ಇದೆ. ಲಿಥಿಯಂ ಕಾವಲಲ್ಲಿ ಕಮ್ಮಿ ಡೋಸ್ ಸೆರ್ಟ್ರಾಲಿನ್ (ಅದೂ ಒಂದು ಎಸ್‌ಎಸ್‌ಆರ್‌ಐ) ನಿಧಾನಕ್ಕೆ ಸೇರಿಸೋ ದಾರಿ ಇದೆ, ಎಷ್ಟೋ ಜನಕ್ಕೆ ಅದು ಬೇಕಾಗುತ್ತೆ, ಕೊಡಲೇಬಾರ್ದು ಅಂತ ಏನಿಲ್ಲ, ಏರಿಕೆಯ ಸುಳಿವಿಗೆ ಕಣ್ಣಿಟ್ಟು ಕೊಡಬೇಕು. ಸುಮಾ ಮುಂದೆ ಎರಡೂ ಕಡೆ ಇಟ್ವಿ. ಸದ್ಯಕ್ಕೆ ಬೇಡ, ಲೆಕ್ಕ ಎರಡು ಸಲ ನೋಡೋ ಹುಡುಗಿಯಾಗಿ ಬದುಕೋಕೆ ನನಗೇನೂ ಕಷ್ಟ ಇಲ್ಲ ಅಂದ್ಲು. ಬೇರೆ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಹಿಡಿದಿದಾಳೆ, ಸೀರೆ ಸಾಲ ತೀರ್ತಾ ಬಂದಿದೆ.

ಮದುವೆ ಮಾತು ನಡೀತಿದೆ. ಗಂಡಿನ ಕಡೆಯವರಿಗೆ ಹೇಳೋದು ಬೇಡ, ಆಮೇಲೆ ನೋಡ್ಕೊಳ್ಳೋಣ ಅನ್ನೋದು ಅಪ್ಪನ ವಾದ, ಹೇಳದೆ ನಾನು ಆಗಲ್ಲ ಅನ್ನೋದು ಸುಮಾದು. ಕದ್ದು ಮಾತ್ರೆ ನುಂಗೋ ಸಂಸಾರದಲ್ಲಿ ಮೊದಲು ತಪ್ಪೋದೇ ಮಾತ್ರೆ, ಹಂಗಾಗಿ ಈ ವಿಷ್ಯದಲ್ಲಿ ನಾನು ಪೂರ್ತಿ ಅವಳ ಕಡೆ. ಹೇಳಿದ್ದಕ್ಕೆ ಒಂದು ಸಂಬಂಧ ತಪ್ಪಿದೆ, ಇನ್ನೊಂದು ಮನೆಯವರು ಡಾಕ್ಟರ ಹತ್ರ ನಾವೂ ಬಂದು ಮಾತಾಡಬಹುದಾ ಅಂತ ಕೇಳಿದಾರೆ, ಸುಮಾ ಒಪ್ಪಿದಾಳೆ, ದಿನ ಇನ್ನೂ ಗೊತ್ತಾಗಿಲ್ಲ. ಮಗು ಬೇಕು ಅನ್ನಿಸಿದ್ರೆ ಲಿಥಿಯಂ ಮುಂದುವರೆಸೋದಾ, ಇಳಿಸೋದಾ, ಬದಲಿಸೋದಾ ಅನ್ನೋದನ್ನ ಗರ್ಭ ನಿಲ್ಲೋಕೆ ಮುಂಚೆನೇ ಕೂತು ತೀರ್ಮಾನ ಮಾಡಬೇಕು, ಗೊತ್ತಾದ್ಮೇಲೆ ಗಾಬರಿಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಕಾಯಿಲೆ ಮರುಕಳಿಸೋ ಅಪಾಯ ದೊಡ್ಡದು, ಹೆರಿಗೆ ಆದ ಮೊದಲ ವಾರಗಳಂತೂ ಬೈಪೋಲಾರ್ ಇರೋ ತಾಯಂದಿರಿಗೆ ಅತಿ ಸೂಕ್ಷ್ಮ. ಆ ಮಾತುಕತೆಗೆ ಸೈಕಿಯಾಟ್ರಿಸ್ಟ್, ಹೆರಿಗೆ ಡಾಕ್ಟರು, ಸುಮಾ, ಮದುವೆ ಆದ್ರೆ ಗಂಡ, ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕು ಅಂತ ಫೈಲಿನಲ್ಲಿ ಈಗಲೇ ಬರೆದಿಟ್ಟಿದೀವಿ.